ನಾಲ್ಕು ಬೆರಳು ಸಾಕ್ಷಿ

ನಮ್ಮಣ್ಣನಿಗೆ ಮಂಕಾದ ಮರ ಕಂಡರೆ ಕೈ ಸುಮ್ಮನಿರುವುದಿಲ್ಲ. ಯಾರ ಮನೆಗೆ ಹೋದರೂ ಕೂತ ಕುರ್ಚಿಯ ತೋಳನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನೋಡುತ್ತಾನೆ. ಅದು ಯಾವ ಮರ, ವಯಸ್ಸೆಷ್ಟು, ಯಾವ ಪುಣ್ಯಾತ್ಮ ಅದಕ್ಕೆ ಕೆಟ್ಟ ವಾರ್ನಿಷ್ ಬಳಿದ ಎಂಬುದೆಲ್ಲ ತಿಳಿಯುವ ಹೊತ್ತಿಗೆ ಕೊಟ್ಟ ಚಹಾ ಆರಿರುತ್ತದೆ. ಹಳೆಯ ಮೇಜು, ಕುರ್ಚಿ, ಬೀರುಗಳಿಗೆ ಪಾಲಿಶ್ ಹಾಕುವುದು ಅವನ ಕಸುಬು. ಮೂವತ್ತೊಂದು ವರ್ಷದಿಂದ ಅದೇ ಕೆಲಸ, ಅದೇ ತಗಡಿನ ಶೆಡ್ಡು, ಅದೇ ಸ್ಪಿರಿಟ್ ವಾಸನೆ. ಬೀದಿಯವರು ಅವನಿಗೆ 'ಮಿರಿಮಿರಿ' ಎಂದು ಹೆಸರಿಟ್ಟಿದ್ದಾರೆ. ಅವನ ಮುಖಕ್ಕೂ ಆ ಹೆಸರಿಗೂ ಏನೇನೂ ಸಂಬಂಧವಿಲ್ಲ, ಹುಬ್ಬಿನವರೆಗೂ ಧೂಳು.

ನಾನು ಅವನ ತಂಗಿ, ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ನನಗೆ ಬಾಯಿ ಜೋರು ಎನ್ನುವ ವಿಷಯದಲ್ಲಿ ಮನೆಯವರಿಗೂ ಶಾಲೆಯವರಿಗೂ ಒಂದೇ ಅಭಿಪ್ರಾಯ. ಇರಲಿ. ಈ ಕಥೆಗೆ ಜೋರು ಬಾಯಿಯೇ ಬೇಕು. ಅಣ್ಣನನ್ನು ಕೇಳಿದರೆ "ಏನೂ ಆಗ್ಲಿಲ್ಲ ಬಿಡು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾನೆ. ಏನೂ ಆಗಲಿಲ್ಲವಂತೆ! ಮೂರು ವಾರ ನಮ್ಮೆಲ್ಲರ ಜೀವ ಹಿಂಡಿದವನು ಅವನು.

ಅವನ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಸುಬು ಶುರುಮಾಡಿದ ವರ್ಷ ಒಬ್ಬ ಗಿರಾಕಿ ಬಂದು, "ಇದು ನಮ್ಮ ಮೇಜೇ ಅಲ್ಲ, ನೀನು ಬದಲಾಯಿಸಿದೀಯ" ಎಂದು ಬೀದಿಯಲ್ಲಿ ನಿಂತು ರಂಪ ಮಾಡಿದ್ದನಂತೆ. ಅವತ್ತಿನಿಂದ ಅಣ್ಣ ಯಾವ ಸಾಮಾನು ಉಜ್ಜಿದರೂ ಕಣ್ಣಿಗೆ ಬೀಳದ ಕಡೆ ನಾಲ್ಕು ಬೆರಳಗಲ ಜಾಗವನ್ನು ಇದ್ದ ಹಾಗೇ ಬಿಡುತ್ತಾನೆ. ಹಳೇ ಬಣ್ಣ, ಹಳೇ ಕಲೆ, ಹಳೇ ಕೊಳೆ ಎಲ್ಲ ಅಲ್ಲಿ ಹಾಗೇ ಇರುತ್ತದೆ. ಅದಕ್ಕೆ ಅವನು 'ಸಾಕ್ಷಿ' ಎನ್ನುತ್ತಾನೆ. ಗಿರಾಕಿ ಬಂದರೆ ಮೇಜನ್ನು ಮಗುಚಿ ತೋರಿಸುತ್ತಾನೆ, "ನೋಡಿ, ಹೀಗಿತ್ತು. ಹೀಗಾಯ್ತು." ಆಮೇಲೆ ಯಾರೂ ಜಗಳ ತೆಗೆದಿಲ್ಲ.

ಇನ್ನು ಅಪ್ಪನ ವಿಷಯ. ಅಪ್ಪ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದರು. ಆರು ದಿನ ಯಾರದೋ ವಿಳಾಸ ಓದಿ ಓದಿ ಕಣ್ಣು ನೋಯಿಸಿಕೊಳ್ಳುವುದು, ಭಾನುವಾರ ಬಂತೆಂದರೆ ಬಗಲಲ್ಲಿ ಗಾಳದ ಕೋಲಿನ ಚೀಲ ಸಿಕ್ಕಿಸಿಕೊಂಡು ನದಿಗೆ ಹೋಗುವುದು. ಸಂಜೆ ಅದೇ ಚೀಲ, ಅದೇ ಖಾಲಿ ಡಬ್ಬಿ ಹಿಡಿದು ಬರುತ್ತಿದ್ದರು. ಅವರು ಹಿಡಿದ ಮೀನನ್ನು ನಾವು ಕಂಡದ್ದು ಜೀವಮಾನದಲ್ಲಿ ಎರಡು ಸಲ. ಎರಡನೆಯ ಸಲ ಅದನ್ನು ಮೀನಿನಂಗಡಿಯ ಕಾಗದದಲ್ಲೇ ಸುತ್ತಿತ್ತು. ಅಮ್ಮ ನಗುತ್ತಿದ್ದಳು, ಅಪ್ಪ ಸಿಟ್ಟಾಗುತ್ತಿರಲಿಲ್ಲ. ಕೋಲನ್ನು ಒರೆಸಿ ಚೀಲಕ್ಕೆ ಸೇರಿಸುತ್ತ, "ನಗಿ, ನಗಿ. ಇದು ದೊಡ್ಡ ಜಾಗದಿಂದ ಬಂದಿದ್ದು. ಇದರ ಬೆಲೆ ನಿಮಗೆ ಗೊತ್ತಿಲ್ಲ" ಎನ್ನುತ್ತಿದ್ದರು.

ಕೊನೆಗೆ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅದೇ ಮಾತು. ಅಣ್ಣನ ಕೈ ಹಿಡಿದುಕೊಂಡು, "ಆ ಕೋಲನ್ನ ಗೊತ್ತಿರೋರ ಹತ್ರ ತೋರ್ಸು. ಇಬ್ರೂ ಸಮ ಹಂಚ್ಕೊಳ್ಳಿ. ಪುಟ್ಟಿಗೆ ಅನ್ಯಾಯ ಆಗ್ಬಾರ್ದು" ಎಂದರು. ಪುಟ್ಟಿ ಎಂದರೆ ನಾನೇ, ಐವತ್ತಕ್ಕೆ ಎರಡು ಕಡಿಮೆಯಾದ ಪುಟ್ಟಿ. ಅಣ್ಣ ಆ ಮಾತನ್ನು ಎದೆಗೆ ಹಚ್ಚಿಕೊಂಡುಬಿಟ್ಟ. ನನಗೆ ಅದರಲ್ಲಿ ನಂಬಿಕೆಯೂ ಇರಲಿಲ್ಲ, ಆಸೆಯೂ ಇರಲಿಲ್ಲ.

ಅಪ್ಪ ಹೋಗಿ ನಾಲ್ಕು ತಿಂಗಳಾದ ಮೇಲೆ ಅಣ್ಣ ಅಟ್ಟದಿಂದ ಆ ಚೀಲ ಇಳಿಸಿದ. ಬಿದಿರಿನ ಕೋಲು, ಮೂರು ತುಂಡು. ಒಂದಕ್ಕೊಂದು ಸಿಕ್ಕಿಸಲು ಹಿತ್ತಾಳೆಯ ಕೊಳವೆ, ಹಿಡಿಗೆ ಬಾಟಲಿಯ ಬಿರಡೆಗೆ ಹಾಕುವಂಥ ಮೆತ್ತನೆ ಕಾರ್ಕು. ವಾರ್ನಿಷ್ ಕಪ್ಪಾಗಿ ಸಿಪ್ಪೆ ಏಳುತ್ತಿತ್ತು, ಹಿತ್ತಾಳೆಗೆ ಹಸಿರು ಹತ್ತಿತ್ತು. ಅದನ್ನು ಕಂಡಮೇಲೆ ಮಿರಿಮಿರಿಯ ಕೈ ಸುಮ್ಮನಿದ್ದೀತೇ?

"ಇದನ್ನ ಹೀಗೇ ತಗೊಂಡು ಹೋಗ್ಬಾರ್ದಾ ಅಂದೆ," ಎಂದು ಅತ್ತಿಗೆ ಆಮೇಲೆ ನನ್ನ ಮುಂದೆ ಹೇಳಿದರು. "ಅದಕ್ಕೆ ಇವರು, ಅಪ್ಪನ್ನ ನಾಲ್ಕು ಜನರ ಮುಂದೆ ಕರ್ಕೊಂಡು ಹೋಗುವಾಗ ಕೊಳಕು ಅಂಗಿ ಹಾಕಿಸ್ತೀವಾ ಅಂದ್ರು. ನನಗೂ ಸರಿ ಅನ್ನಿಸ್ತು ನೋಡು."

ಒಂಬತ್ತು ದಿನ ಕೂತು ಅದನ್ನು ಮಾಡಿದ. ಹಳೇ ವಾರ್ನಿಷ್ಷನ್ನು ಗಾಜಿನ ಚೂರಿನಿಂದ ಕೆರೆದ, ಉಪ್ಪುಕಾಗದ ಹಿಡಿದು ನಯವಾಗಿ ಉಜ್ಜಿದ, ಹತ್ತಿಯ ಉಂಡೆಯಿಂದ ಅರಗಿನ ಪಾಲಿಶ್ಷನ್ನು ಪದರ ಪದರವಾಗಿ ಹಾಕಿದ. ನನಗೆ ತೋರಿಸಿದಾಗ ನಾನೇ ಬಾಯಿ ಬಿಟ್ಟುಕೊಂಡು ನೋಡಿದೆ. ಜೇನಿನ ಬಣ್ಣ. ಎಲ್ಲಿ ಹುಡುಕಿದರೂ ಒಂದು ಗೀರಿಲ್ಲ.

"ಸಾಕ್ಷಿ ಎಲ್ಲಿ ಬಿಟ್ಟಿದೀಯ?" ಎಂದು ಕೇಳಿದೆ, ಸುಮ್ಮನೆ ಕಿಚಾಯಿಸಲು.

"ಯಾರಿಗೆ ಬಿಡ್ಲಿ? ಗಿರಾಕಿ ನಾನೇ ಅಲ್ವಾ?" ಎಂದು ನಕ್ಕ. ಮೂವತ್ತೊಂದು ವರ್ಷದಲ್ಲಿ ಅವನು ಸಾಕ್ಷಿ ಬಿಡದ ಮೊದಲ ಕೆಲಸ ಅದು.

ಮಾರನೆಯ ದಿನ ಇಬ್ಬರೂ ಹಳೇ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯಾಕೆ ದಪ್ಪ ಕನ್ನಡಕದ ಹೆಂಗಸು, ಗೋಡೆ ಗಡಿಯಾರಗಳ ಸಾಲಿನ ಕೆಳಗೆ ಕೂತಿದ್ದಳು. ಅಣ್ಣ ಚೀಲದಿಂದ ಮೊದಲ ತುಂಡು ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಆಕೆ ಅದನ್ನು ಬೆಳಕಿಗೆ ತಿರುಗಿಸಿದಳು. ಮುಖ ಬಾಡಿತು.

"ಅಯ್ಯಯ್ಯೋ, ಯಾರ್ರೀ ಇದನ್ನ ಉಜ್ಜಿದ್ದು?"

"ನಾನೇ," ಎಂದ ಅಣ್ಣ. ಹೊಗಳಿಕೆಗೆ ಕಾಯುತ್ತಿದ್ದ, ಪಾಪ.

"ಏನು ಮಾಡಿಬಿಟ್ರಿ! ಬಿದಿರನ್ನ ಆರು ಸೀಳಾಗಿ ಸೀಳಿ ಅಂಟಿಸಿದಾರೆ ನೋಡಿ. ಹಿಂದೆ ಒಬ್ರು ದೊಡ್ಡ ಕಸುಬುದಾರರು ಹೀಗೇ ಮಾಡ್ತಿದ್ರು. ಅವರ ಕೈಯಿಂದ ಬಂದ ಕೋಲು ಹೋದ ವರ್ಷ ಒಂದು ಮಾರಾಟ ಆಯ್ತು. ಆ ದುಡ್ಡಲ್ಲಿ ಸಣ್ಣದೊಂದು ಮನೆ ಬರುತ್ತೆ. ಆದ್ರೆ ಹಳೇ ವಾರ್ನಿಷ್ ಹಾಗೇ ಇರ್ಬೇಕು, ಬಿದಿರಿನ ಮೇಲೆ ಇಂಕಲ್ಲಿ ಅವರ ಹೆಸರಿರ್ಬೇಕು. ಇಲ್ಲಿ ಏನಾದ್ರೂ ಬರೆದಿತ್ತಾ?"

ಅಣ್ಣ ಬಿದಿರಿನತ್ತ ಬಗ್ಗಿದ. "ಏನೋ ಇಂಕಿನ ಗೀಚು ಇತ್ತು. ಮೂರು ತುಂಡಿನ ಮೇಲೂ ಇತ್ತು."

"ಏನಂತ?"

"ಕನ್ನಡಕ ಹಾಕಿರ್ಲಿಲ್ಲ. ಕಲೆ ಅಂತ ಉಜ್ಜಿಬಿಟ್ಟೆ."

ಆಕೆ ಕೋಲನ್ನು ಮೆತ್ತಗೆ ಚೀಲಕ್ಕೆ ಸೇರಿಸಿ, ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಳು. ನಲವತ್ತು ವರ್ಷ ಗಾಳದ ಕೋಲು ರಿಪೇರಿ ಮಾಡಿದ ಯಜಮಾನರೊಬ್ಬರಿದ್ದಾರೆ, ಖಚಿತವಾಗಿ ಹೇಳಬಲ್ಲವರು ಅವರೊಬ್ಬರೇ, ಆದರೆ ಮಗಳ ಮನೆಗೆ ಹೋಗಿದ್ದಾರೆ, ಬರುವುದು ಮೂರು ವಾರವಾಗುತ್ತದೆ ಎಂದಳು. ಹೊರಗೆ ಬಂದಮೇಲೆ ಅಣ್ಣ ಬಸ್ ನಿಲ್ದಾಣದ ಕಡೆ ಹೋಗುವ ಬದಲು ಎದುರು ದಿಕ್ಕಿಗೆ ನಡೆಯುತ್ತಿದ್ದ. ನಾನೇ ತೋಳು ಹಿಡಿದು ತಿರುಗಿಸಿದೆ.

ಆ ಮೂರು ವಾರ ಯಾರಿಗೂ ಬೇಡ. ಮೊದಲು ಅಣ್ಣ ಊಟ ಬಿಟ್ಟ. ಬಿಟ್ಟ ಎಂದರೆ ತಟ್ಟೆಯ ಮುಂದೆ ಕೂರುತ್ತಿದ್ದ, ಎರಡು ತುತ್ತು ತಿಂದು ಕೈ ತೊಳೆಯುತ್ತಿದ್ದ. ಆಮೇಲೆ ಕೆಲಸ ಬಿಟ್ಟ. ಒಬ್ಬ ನಿವೃತ್ತ ಡಾಕ್ಟರರ ಊಟದ ಮೇಜು ಅರ್ಧ ಉಜ್ಜಿದ ಸ್ಥಿತಿಯಲ್ಲಿ ಶೆಡ್ಡಿನ ನಡುವೆ ನಿಂತಿತ್ತು. ಡಾಕ್ಟರರು ಎರಡು ಸಲ ಬಂದು ನೋಡಿ ಹೋದರು. ಅತ್ತಿಗೆ ಶೆಡ್ಡಿನ ಪಕ್ಕದಲ್ಲೇ ಇಸ್ತ್ರಿ ಅಂಗಡಿ ನಡೆಸುತ್ತಾರೆ. ಎರಡನೇ ವಾರ ಅವರೇ ನನಗೆ ಫೋನ್ ಮಾಡಿದರು.

"ನೀನು ಒಂದ್ಸಲ ಬಂದು ಬಯ್ದು ಹೋಗಮ್ಮ. ನನ್ನ ಬೈಗುಳ ಅಭ್ಯಾಸ ಆಗಿಬಿಟ್ಟಿದೆ, ನಾಟೋದಿಲ್ಲ."

ಹೋದೆ. ಅಣ್ಣ ಶೆಡ್ಡಿನ ಮೂಲೆಯಲ್ಲಿ ಸ್ಪಿರಿಟ್ ಡಬ್ಬಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ.

"ಏನು ಮಾಡ್ತಿದೀಯ?"

"ಬಟ್ಟೆ ಗೋಡೌನಲ್ಲಿ ಕಾವಲು ಕೆಲಸ ಇದೆಯಂತೆ. ಒಂದನೇ ತಾರೀಖಿಂದ ಬರ್ತೀನಿ ಅಂದಿದೀನಿ. ಅಲ್ಲಿ ಏನನ್ನೂ ಮುಟ್ಟೋ ಹಾಗಿಲ್ಲ. ಅದೇ ನನಗೆ ಸರಿ."

"ತಲೆ ಕೆಟ್ಟಿದೆಯೇನೋ ನಿಂಗೆ? ನನಗೆ ಆ ಕೋಲಲ್ಲಿ ಒಂದು ಕಡ್ಡೀನೂ ಬೇಡ ಅಂತ ಅವತ್ತೇ ಹೇಳಿಲ್ವಾ?"

"ನೀನು ಬೇಡ ಅಂದ್ರೆ ನಾನು ಕಳೆದಿದ್ದು ಬರುತ್ತೇನೇ?" ಅವನ ದನಿ ಏರಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. "ಅಪ್ಪ ಒಂದೇ ಒಂದು ಮಾತು ಹೇಳಿದ್ರು, ಪುಟ್ಟಿಗೆ ಅನ್ಯಾಯ ಆಗ್ಬಾರ್ದು ಅಂತ. ನಾನು ನನ್ನ ಕೈಯಾರೆ ಉಜ್ಜಿ ಹಾಕಿದೆ. ಅದೊಂದೇ ಅಲ್ಲ ಕಣೇ. ಇಷ್ಟು ವರ್ಷ ಯಾರ್ಯಾರ ಮನೇದು ಏನೇನು ಉಜ್ಜಿ ಹಾಳು ಮಾಡಿದೀನೋ. ಅವರು ದುಡ್ಡು ಬೇರೆ ಕೊಟ್ಟು ಹೋಗಿದಾರೆ. ಈ ಉಂಡೆ ಕೈಗೆ ತಗೊಂಡ್ರೆ ಕೈ ನಡುಗುತ್ತೆ."

ಕೈ ಚಾಚಿ ತೋರಿಸಿದ. ನಿಜವಾಗಿಯೂ ನಡುಗುತ್ತಿತ್ತು. ಕೆಲಸದ ಸಂದರ್ಶನಕ್ಕೆ ಹೊರಟಾಗ ನನ್ನ ಹಳೇ ಚಪ್ಪಲಿಗೆ ಮೇಜಿನ ಪಾಲಿಶ್ ಹಾಕಿ ಕಳಿಸಿದ್ದ ಕೈ ಅದು. ಪಾಲಿಶ್ ಒಣಗದೆ ಚಪ್ಪಲಿ ಬಸ್ಸಿನ ನೆಲಕ್ಕೆ ಅಂಟಿಕೊಂಡು ನಾನು ಬರಿಗಾಲಲ್ಲಿ ಇಳಿಯುವ ಹಾಗಾಯಿತು, ಅದು ಬೇರೆ ಮಾತು. ಆ ಕೈ ಗೋಡೌನಿನ ಬಾಗಿಲಲ್ಲಿ ಸುಮ್ಮನೆ ತೊಡೆಯ ಮೇಲೆ ಬಿದ್ದಿರುತ್ತದೆ ಎಂದು ನೆನೆದರೆ ನನಗೆ ಅಳು ಬಂತು. ಬಂದ ಅಳುವನ್ನು ಸಿಟ್ಟು ಮಾಡಿಕೊಂಡು, "ಯಜಮಾನರು ಬರೋಕೆ ಮುಂಚೆ ಆ ಪೆಟ್ಟಿಗೆ ಕಟ್ಟಿದ್ರೆ ನೋಡು" ಎಂದು ಗದರಿ ಬಂದೆ.

ಯಜಮಾನರು ಊರಿಗೆ ಬಂದದ್ದು ತಿಂಗಳ ಕೊನೆಯ ಶನಿವಾರ. ಸೋಮವಾರ ಒಂದನೇ ತಾರೀಖು. ಶಾಲೆ ಮಧ್ಯಾಹ್ನಕ್ಕೇ ಮುಗಿದಿತ್ತು. ನಾನು ಅಣ್ಣನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ.

ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮಹಡಿಯ ಮೇಲೆ ಒಂದೇ ಕೋಣೆ. ಕಿಟಕಿಗೆ ಒತ್ತಿ ಉದ್ದನೆಯ ಮೇಜು, ಅದರ ಮೇಲೆ ಬಣ್ಣದ ಪ್ರಕಾರ ಜೋಡಿಸಿದ ದಾರದ ಉಂಡೆಗಳು, ಕೈಹಿಡಿಯ ಭೂತಗನ್ನಡಿ, ಹಲ್ಲುಜ್ಜುವ ಹಳೇ ಬ್ರಷ್ಷುಗಳು. ಹೊರಗೆ ಪುಟ್ಟ ಬಾಲ್ಕನಿಯಲ್ಲಿ ಟೊಮೇಟೊ ಗಿಡಗಳು, ಅವಕ್ಕೆ ಆಸರೆಯಾಗಿ ಎರಡು ಕಂದು ಕೋಲುಗಳು. ಯಜಮಾನರಿಗೆ ಎಂಬತ್ತು ದಾಟಿರಬೇಕು. ತಲೆ ಒಂದೇ ಸಮನೆ ಅಲ್ಲಾಡುತ್ತಿತ್ತು, ಮೊದಮೊದಲು ನಾವು ಹೇಳಿದ್ದಕ್ಕೆಲ್ಲ ಇಲ್ಲ ಇಲ್ಲ ಎನ್ನುತ್ತಿದ್ದಾರೆ ಎಂದುಕೊಂಡೆ.

ಅಣ್ಣ ಕೂರುವ ಮೊದಲೇ ಎಲ್ಲ ಒಪ್ಪಿಸಿಬಿಟ್ಟ. "ಯಜಮಾನ್ರೇ, ನಾನು ತಪ್ಪು ಮಾಡಿದೀನಿ. ಬರೆದಿದ್ದನ್ನೂ ಸೇರಿಸಿ ಉಜ್ಜಿದೀನಿ. ಎಷ್ಟು ಹಾಳಾಗಿದೆ ಅಂತ ಹೇಳಿಬಿಡಿ, ಸಾಕು."

"ಮೊದ್ಲು ಕೂತ್ಕೊಳ್ಳಿ," ಎಂದರು ಯಜಮಾನರು. ಮೂರೂ ತುಂಡನ್ನು ಜೋಡಿಸಿದರು. ಕೊಳವೆಗಳು ಟಪ್ ಟಪ್ ಎಂದು ಕೂತವು. ಕೋಲನ್ನು ಬಾಗಿಸಿದರು, ಬಿಟ್ಟರು, ಹಿಡಿಯನ್ನು ಮೂಸಿದರು. ಭೂತಗನ್ನಡಿ ಹಿಡಿದು ಕೊಳವೆಯ ಒಳಗೆಲ್ಲ ನೋಡಿದರು.

"ಎರಡರಲ್ಲಿ ಒಂದು," ಎಂದರು ಕೊನೆಗೆ. "ಅಂಗಡಿಯಾಕೆ ಹೇಳಿದ ಆ ದೊಡ್ಡ ಮನುಷ್ಯರದ್ದಾಗಿರ್ಬಹುದು. ಇಲ್ಲಾ ನದೀ ಹತ್ರ ಒಂದು ಬೋಟ್ ಕ್ಲಬ್ ಇತ್ತಲ್ಲ, ಅವರು ಬಾಡಿಗೆಗೆ ಕೊಡೋಕೆ ಅದೇ ಥರ ಕೋಲು ಮಾಡಿಸ್ತಿದ್ರು, ಅದಾಗಿರ್ಬಹುದು. ಬಿದಿರು ಒಂದೇ, ಕೊಳವೆ ಒಂದೇ. ಆ ದೊಡ್ಡ ಮನುಷ್ಯರು ಪ್ರತಿ ತುಂಡಿನ ಮೇಲೂ ಹೆಸರು ಬರೀತಿದ್ರು. ಕ್ಲಬ್ಬಿನವರು ನಂಬರ್ ಬರೀತಿದ್ರು. ಬೇರೆ ಗುರುತಿಲ್ಲ."

"ಆ ಗುರುತನ್ನೇ ನಾನು ಉಜ್ಜಿದ್ದು," ಎಂದ ಅಣ್ಣ.

"ಹ್ಞೂಂ. ಹೆಸರಿದ್ದಿದ್ರೆ, ಸುಳ್ಳು ಯಾಕೆ ಹೇಳ್ಲಿ, ಬೆಲೆಯ ಹತ್ತರಲ್ಲಿ ಒಂಬತ್ತು ಭಾಗ ಹೋದ ಹಾಗೆ."

ಅಣ್ಣ ತಲೆ ತಗ್ಗಿಸಿದ. ಯಜಮಾನರು ಕೋಲನ್ನು ಬಿಚ್ಚಿ ಒಂದೊಂದೇ ತುಂಡನ್ನು ಚೀಲಕ್ಕೆ ಸೇರಿಸತೊಡಗಿದವರು ತಟ್ಟನೆ ನಿಂತರು. "ನಾಲ್ಕನೇದೆಲ್ಲಿ?"

"ಯಾವ ನಾಲ್ಕನೇದು? ಇದ್ದಿದ್ದೇ ಮೂರು."

"ಚೀಲದಲ್ಲಿ ನಾಲ್ಕು ಗೂಡು ಹೊಲಿದಿದಾರಲ್ಲ! ತುದಿ ತುಂಡು ಸಣ್ಣ, ಬೇಗ ಮುರಿಯುತ್ತೆ. ಅದಕ್ಕೇ ಯಾವಾಗ್ಲೂ ಎರಡು ತುದಿ ಕೊಡೋರು. ಇನ್ನೊಂದು ಇಂಥದ್ದೇ ಇರ್ಬೇಕು, ನೋಡಿ." ತುದಿ ತುಂಡನ್ನು ತೆಗೆದು ನನ್ನ ಕೈಗೆ ಕೊಟ್ಟರು.

ಅದು ಕೈಗೆ ಬಿದ್ದೊಡನೆ ಹೆಬ್ಬೆರಳು ತಾನಾಗಿ ಬುಡಕ್ಕೆ ಸರಿಯಿತು. ಅದರ ತೂಕ ನನ್ನ ಕೈಗೆ ಗೊತ್ತಿತ್ತು. ಅಯ್ಯೋ ನನ್ನ ಬುದ್ಧಿಗಿಷ್ಟು! ಇಪ್ಪತ್ತಾರು ವರ್ಷದಿಂದ ದಿನಾ ಹಿಡಿಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ದಿನದ ಮಾತು. ಅರವತ್ತು ಮಕ್ಕಳ ಮುಂದೆ ಭೂಪಟ ತೋರಿಸಬೇಕು ಎಂದು ನೆನೆದೇ ನನ್ನ ಕೈ ನಡುಗುತ್ತಿತ್ತು. ಅಪ್ಪ ಒಳಗೆ ಹೋಗಿ ಹಿತ್ತಾಳೆ ಬುಡದ ಒಂದು ಸಪೂರ ಕಡ್ಡಿ ತಂದುಕೊಟ್ಟರು. "ಇದನ್ನ ಹಿಡ್ಕೊ. ಕೈಯಲ್ಲಿ ಏನಾದ್ರೂ ಇದ್ರೆ ನಡುಕ ಕಾಣಲ್ಲ" ಎಂದರು. ಕಾಣದೆ ಏನು! ಅಷ್ಟು ಸಪೂರ ತುದಿ, ನನ್ನ ನಡುಕ ಹತ್ತರಷ್ಟಾಗಿ ಭೂಪಟದ ಮೇಲೆ ಕುಣಿಯಿತು. ತೋರಿಸಿದ ರಾಜಧಾನಿಗಳಲ್ಲೆಲ್ಲ ಭೂಕಂಪ. ಮಕ್ಕಳು ಗೊಳ್ಳೆಂದು ನಕ್ಕರು, ನಾನೂ ನಕ್ಕೆ, ಹೆದರಿಕೆ ಅಲ್ಲಿಗೇ ಮುಗಿಯಿತು. ಅವತ್ತಿನಿಂದ ನಾನು 'ಕಡ್ಡಿ ಮಿಸ್'. ಆ ಕಡ್ಡಿ ಏಳನೇ ತರಗತಿಯ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅಣ್ಣ ಎಷ್ಟೋ ಸಲ, "ಕೊಡೇ, ಒಂದು ಕೈ ಪಾಲಿಶ್ ಹಾಕ್ಕೊಡ್ತೀನಿ" ಎಂದು ಕೇಳಿದ್ದ. ನನ್ನ ಕಡ್ಡಿ ಮುಟ್ಟಬೇಡ ಎಂದು ಪ್ರತಿ ಸಲವೂ ಗದರಿದ್ದೆ.

"ಇಲ್ಲೇ ಇರಿ," ಎಂದವಳೇ ಮೆಟ್ಟಿಲಿಳಿದು ಓಡಿದೆ. ಶಾಲೆ ಅಲ್ಲಿಂದ ಎರಡೇ ಬಸ್ ನಿಲ್ದಾಣ. ಬಸ್ಸಿಗೆ ಕಾಯುವ ತಾಳ್ಮೆ ಇಲ್ಲದೆ ನಡೆದೇ ಹೋದೆ. ಬೀಗ ಹಾಕಿ ಹೊರಟಿದ್ದ ಜವಾನ ಮತ್ತೆ ಬಾಗಿಲು ತೆಗೆದು, "ಏನ್ ಮಿಸ್, ರಜೆಯಲ್ಲೂ ಕಡ್ಡಿ ಬೇಕಾ? ಮನೇಲಿ ಯಾರಿಗೆ ಪಾಠ?" ಎಂದ. ಮೊಳೆಯಿಂದ ಕಡ್ಡಿ ಎತ್ತಿಕೊಂಡು ಬಂದ ದಾರಿಯಲ್ಲೇ ಓಡಿದೆ.

ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ: ದೇವರೇ, ನಂಬರಿರಲಿ. ಹೆಸರು ಬೇಡ. ನಮಗೆ ಮನೆಯೂ ಬೇಡ, ಮಠವೂ ಬೇಡ, ಅದು ಮೂರು ಕಾಸಿನ ಕೋಲಾಗಿರಲಿ. ಬಡತನ ಬೇಡಿಕೊಂಡು ಬೀದಿಯಲ್ಲಿ ಓಡಿದವಳು ನಾನೊಬ್ಬಳೇ ಇರಬೇಕು.

ಕಡ್ಡಿಯನ್ನು ತಂದು ಮೇಜಿನ ಮೇಲಿಟ್ಟೆ. ತುದಿ ಗೇಣುದ್ದ ಮುರಿದಿತ್ತು. ಹಿತ್ತಾಳೆ ಬೆರಳಿಗೆಲ್ಲ ಕಪ್ಪು ಹತ್ತಿಸುತ್ತದೆ ಎಂದು ಯಾವಾಗಲೋ ಬುಡಕ್ಕೆ ಬ್ಯಾಂಡೇಜ್ ಪಟ್ಟಿ ಸುತ್ತಿದ್ದೆ. ಅದು ಹಳೆಯದಾದಾಗಲೆಲ್ಲ ಮೇಲೆ ಇನ್ನೊಂದು ಸುತ್ತು. ಬರಹವೇನಾದರೂ ಇದ್ದರೆ ಅದರಡಿ, ಹದಿನೈದು ವರ್ಷದ ಗೋಂದಿನಡಿ ಇರಬೇಕು.

ಯಜಮಾನರು ತಮ್ಮ ಕೈ ನೋಡಿಕೊಂಡು ತಲೆಯಾಡಿಸಿದರು. "ನನ್ನ ಕೈಲಾಗೋದಿಲ್ಲ ತಾಯಿ. ಈಗ ದಾರ ಪೋಣಿಸೋಕೂ ಆಗಲ್ಲ." ಅಣ್ಣನತ್ತ ನೋಡಿದರು.

"ನಾನು ಮುಟ್ಟಲ್ಲ," ಎಂದ ಅಣ್ಣ. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ.

ನನಗೆ ರೇಗಿತು. ಮೂರು ವಾರದ್ದೆಲ್ಲ ಒಟ್ಟಿಗೆ ರೇಗಿತು. "ಸರಿ, ನಾನೇ ಕೀಳ್ತೀನಿ" ಎಂದು ಪಟ್ಟಿಯ ಕೊನೆ ಹಿಡಿದು ಎಳೆದೆ.

"ಏಯ್! ಬಿಡೇ!" ಅಣ್ಣ ಹಾರಿ ಬಂದು ಕಡ್ಡಿ ಕಿತ್ತುಕೊಂಡ. "ಹಾಗೆ ಎಳೆದ್ರೆ ವಾರ್ನಿಷ್ ಸಮೇತ ಬರುತ್ತೆ, ಇಂಕೂ ಅದರ ಜೊತೆ ಹೋಗುತ್ತೆ. ಇಷ್ಟು ದೊಡ್ಡೋಳಾಗಿದೀಯ, ಅಷ್ಟು ಗೊತ್ತಾಗಲ್ವಾ?"

"ನಂಗೇನು ಗೊತ್ತು? ಗೊತ್ತಿರೋನು ನೀನು."

ಅವನು ಕಡ್ಡಿಯನ್ನೂ ನನ್ನನ್ನೂ ನೋಡಿದ. ಆಮೇಲೆ ಕಿಟಕಿಯ ಕಡೆ ತಿರುಗಿದ. ಜೇಬಿನಿಂದ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. "ಸ್ಪಿರಿಟ್ ಸೋಕಿಸಬಾರ್ದು, ಎಲ್ಲ ತೊಳೆದು ಹೋಗುತ್ತೆ. ಯಜಮಾನ್ರೇ, ಅಡುಗೆ ಎಣ್ಣೆ ಒಂದು ಚಮಚ ಸಿಗುತ್ತಾ?"

ಎಣ್ಣೆ ಬಂತು. ಅಣ್ಣ ಹತ್ತಿಯನ್ನು ಅದರಲ್ಲಿ ಅದ್ದಿ ಪಟ್ಟಿಯ ಅಂಚಿಗೆ ಒತ್ತಿ ಹಿಡಿದ. ಕಾದ. ಉಗುರಿನಿಂದ ಎಬ್ಬಿಸಿ ನೋಡಿದ, ಮತ್ತೆ ಒತ್ತಿದ, ಮತ್ತೆ ಕಾದ. ಒಂದು ಸುತ್ತು ಬಿಟ್ಟುಕೊಂಡಿತು, ಎರಡನೆಯದೂ ಬಂತು. ಕೆಳಗಿನ ಅಂಗಡಿಯಲ್ಲಿ ಯಾರೋ ಹೊಲಿಗೆ ಯಂತ್ರ ಓಡಿಸಿ ನಿಲ್ಲಿಸುತ್ತಿದ್ದರು. ನಾನು ಅವನ ಬೆರಳನ್ನೇ ನೋಡುತ್ತಿದ್ದೆ. ನಡುಕ ಯಾವಾಗ ನಿಂತಿತ್ತೋ ಅವನಿಗೂ ಗೊತ್ತಿಲ್ಲ, ನಾನೂ ಹೇಳಲಿಲ್ಲ.

ಕೊನೆಯ ಸುತ್ತು ಸರಿದಾಗ ಕಪ್ಪು ಗೋಂದಿನಡಿ ಮೊದಲು ಕಂಡದ್ದು ಅಂಕಿಯಲ್ಲ, ಒಂದು ಅಕ್ಷರ.

ಅಣ್ಣನ ಕೈ ನಿಂತಿತು. ಅಕ್ಷರವೆಂದರೆ ಹೆಸರು.

"ಮುಂದಕ್ಕೆ ಒರೆಸಿ," ಎಂದರು ಯಜಮಾನರು.

ಒರೆಸಿದ. ಇನ್ನೊಂದು ಅಕ್ಷರ. ಮತ್ತೆ ಒರೆಸಿದ. ಒಂದು ಗೆರೆ, ಆಮೇಲೆ ನಾಲ್ಕು, ಆಮೇಲೆ ಒಂದು. ನಲವತ್ತೊಂದು.

ಯಜಮಾನರು ಭೂತಗನ್ನಡಿ ಇಟ್ಟು ನೋಡಿದರು, ಕುರ್ಚಿಗೆ ಒರಗಿ ಬಾಯ್ತುಂಬ ನಕ್ಕರು. "ಬೋಟ್ ಕ್ಲಬ್ಬಿನ ಹೆಸರಿನ ಎರಡು ಅಕ್ಷರ, ಕೋಲಿನ ನಂಬರ್ ನಲವತ್ತೊಂದು! ಬಾಡಿಗೆ ಕೋಲು ಸ್ವಾಮಿ ಇದು. ಕ್ಲಬ್ ಮುಚ್ಚುವಾಗ ಭಾನುವಾರ ಬರ್ತಿದ್ದೋರಿಗೆಲ್ಲ ಒಂದೊಂದು ಸುಮ್ನೆ ಕೊಟ್ರು. ನನಗೆ ಎರಡು ಕೊಟ್ರು. ಅಲ್ಲಿ ನೋಡಿ ಬೇಕಾದ್ರೆ!"

ಬಾಲ್ಕನಿಯತ್ತ ಬೆರಳು ತೋರಿಸಿದರು. ಟೊಮೇಟೊ ಗಿಡಕ್ಕೆ ಆಸರೆ ಕೊಟ್ಟು ನಿಂತಿದ್ದವು ನಮ್ಮಪ್ಪನ ಕೋಲಿನ ಒಡಹುಟ್ಟಿದವು.

"ಹಾಗಾದ್ರೆ ಇದರ ಬೆಲೆ?" ಎಂದು ಕೇಳಿದೆ. ಕೇಳುವಾಗಲೇ ನಗು ಬರುತ್ತಿತ್ತು.

"ಇಬ್ರು ಹೊಟ್ಟೆ ತುಂಬ ಊಟ ಮಾಡ್ಬಹುದು. ಮೂರನೆಯವರು ಬಂದ್ರೆ ನೀರು ಕುಡೀಬೇಕು."

"ಮತ್ತೆ ನಾನು ಉಜ್ಜಿದ್ದು?" ಎಂದ ಅಣ್ಣ. ದನಿ ಎಲ್ಲೋ ಆಳದಿಂದ ಬಂತು.

"ಅಲ್ರೀ, ಕ್ಲಬ್ಬಿನವರು ಪ್ರತಿ ವರ್ಷ ಎಲ್ಲ ಕೋಲನ್ನೂ ಕೆರೆದು, ಉಜ್ಜಿ, ಹೊಸ ವಾರ್ನಿಷ್ ಹೊಡೆದು, ನಂಬರ್ ಹೊಸದಾಗಿ ಬರೆಸ್ತಿದ್ರು. ನೀವು ಮಾಡಿದ್ದು ಅದೇ, ಅವರಿಗಿಂತ ನೂರು ಪಾಲು ಚೆನ್ನಾಗಿ. ವಾರ್ನಿಷ್ ಬಿಟ್ಟ ಕಡೆ ನೀರು ಇಳಿದು ಅಂಟು ಸಡಿಲ ಆಗ್ತಿತ್ತು. ನೀವು ಉಜ್ಜದೆ ಇದ್ದಿದ್ರೆ ಇನ್ನೆರಡು ವರ್ಷಕ್ಕೆ ಸೀಳುಬಿಡ್ತಿತ್ತು. ಏನೂ ಕೆಟ್ಟಿಲ್ಲ ನಿಮ್ಮ ಕೈಯಿಂದ."

ಅಣ್ಣ ಮೆಲ್ಲಗೆ ಸ್ಟೂಲಿನ ಮೇಲೆ ಕೂತ. ಕನ್ನಡಕ ತೆಗೆದ, ನಗಲು ಹೋದ, ನಗು ಅರ್ಧಕ್ಕೇ ಅಳುವಾಯಿತು. ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಮಿರಿಮಿರಿ ಮಾಡಿಕೊಂಡ. ನಾನು ನೋಡುತ್ತ ನಿಂತೆ. ಹೋದ ಜೀವ ಬಂದಂತಾಯಿತು ಎನ್ನುತ್ತಾರಲ್ಲ, ಹಾಗೆಂದರೇನು ಎಂದು ಅವತ್ತು ನನಗೆ ಗೊತ್ತಾಯಿತು. ಶ್ರೀಮಂತರಾಗುವುದು ತಪ್ಪಿತು ಎಂದು ಅಣ್ಣ ತಂಗಿ ಇಬ್ಬರೂ ಕೂತು ಇಷ್ಟು ಸಂತೋಷದಿಂದ ಅತ್ತ ಮನೆ ಇನ್ನೊಂದಿರಲಾರದು.

ಹೊರಡುವಾಗ ಯಜಮಾನರು ಸಂಕೋಚದಿಂದಲೇ ಕೇಳಿದರು. "ಗಿಡಕ್ಕೆ ಬೇರೆ ಗೂಟ ಹುಡುಕ್ತೀನಿ. ಆ ಎರಡನ್ನೂ ಹೀಗೇ ಮಾಡಿಕೊಡ್ತೀರಾ?"

ಅಣ್ಣ ಬಾಲ್ಕನಿಗೆ ಹೋಗಿ ಒಂದು ಕೋಲನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. "ಮಾಡ್ತೀನಿ. ಆದ್ರೆ ನಂಬರ್ ಇರೋ ಕಡೆ ನಾಲ್ಕು ಬೆರಳು ಬಿಡ್ತೀನಿ. ಅದಕ್ಕೆ ಒಪ್ಪಿದ್ರೆ ಮಾತ್ರ."

ಬಸ್ಸಿನಲ್ಲಿ ಅಣ್ಣ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದ, "ನಂಬರಿತ್ತು, ಬಚಾವಾದೆ. ಹೆಸರಿದ್ದಿದ್ರೆ?"

"ಇರ್ಲಿಲ್ಲವಲ್ಲ."

"ಇರ್ಲಿಲ್ಲ. ಆದ್ರೂ ಸ್ವಂತದ್ದು ಅಂತ ಸಾಕ್ಷಿ ಬಿಡದೆ ಇದ್ದಿದ್ದು ತಪ್ಪೇ ಕಣೇ. ಇನ್ಮೇಲೆ ನಮ್ಮನೆ ಮಣೆ ಉಜ್ಜಿದ್ರೂ ಬಿಡ್ತೀನಿ."

ಮನೆಗೆ ಹೋದವನೇ ಗೋಡೌನಿಗೆ ಫೋನ್ ಮಾಡಿ ಬರುವುದಿಲ್ಲ ಎಂದ. ಅತ್ತಿಗೆ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು, "ಅಂತೂ ಬಂತಲ್ಲ ಬುದ್ಧಿ" ಎಂದು ಬಯ್ಯುತ್ತಲೇ ಸೆರಗಿನಲ್ಲಿ ಮೂಗೊರೆಸಿಕೊಂಡರು. ಅವತ್ತು ಅಣ್ಣ ಮೂರು ಸಲ ಅನ್ನ ಹಾಕಿಸಿಕೊಂಡ. ಭಾನುವಾರ ಬೆಳಿಗ್ಗೆ ರಟ್ಟಿನ ಪೆಟ್ಟಿಗೆಯಿಂದ ಡಬ್ಬಿಗಳು ಹೊರಬಂದವು, ಡಾಕ್ಟರರ ಮೇಜಿನ ಉಳಿದರ್ಧ ಶುರುವಾಯಿತು.

ನನ್ನ ಕಡ್ಡಿ ಅವನ ಹತ್ತಿರವೇ ಉಳಿದಿತ್ತು. ಸಂಜೆ ತರಲು ಹೋದೆ. ಉದ್ದಕ್ಕೂ ಜೇನಿನ ಬಣ್ಣ ಬಂದಿತ್ತು. ಬುಡದ ನಾಲ್ಕು ಬೆರಳಗಲ ಮಾತ್ರ ಹಾಗೇ ಬಿಟ್ಟಿದ್ದ. ಅಲ್ಲಿ ಆ ನಲವತ್ತೊಂದು, ಪಕ್ಕದಲ್ಲಿ ಪಟ್ಟಿ ಸುತ್ತುವ ಮೊದಲಿನ ವರ್ಷಗಳಲ್ಲಿ ನನ್ನ ಹೆಬ್ಬೆರಳು ಸವೆಸಿದ ಗುರುತು.

"ಚೀಲದ ನಾಲ್ಕನೇ ಗೂಡಿಗೆ ಹಾಕಲ್ವಾ?" ಎಂದು ಕೇಳಿದೆ.

"ಅದು ನಿಂದು," ಎಂದ ಅಣ್ಣ, ಮೇಜಿನಿಂದ ಕಣ್ಣೆತ್ತದೆ. "ಅಪ್ಪ ನಿನ್ನ ಭಾಗ ನಿನಗೆ ಮೊದಲೇ ಕೊಟ್ಟಿದ್ರು. ಇಪ್ಪತ್ತಾರು ವರ್ಷದಿಂದ ನಿನ್ನ ಕೈಲೇ ಇತ್ತಲ್ಲೇ, ಪುಟ್ಟಿ. ನಾನು ಸುಮ್ನೆ ಊಟ ಬಿಟ್ಟೆ."

ಹೆಬ್ಬೆರಳನ್ನು ಆ ಗುರುತಿನ ಮೇಲಿಟ್ಟೆ, ಸರಿಯಾಗಿ ಕೂತಿತು. ಅಣ್ಣ ಹತ್ತಿಯ ಉಂಡೆಯನ್ನು ಮತ್ತೆ ಅರಗಿನಲ್ಲಿ ಅದ್ದಿಕೊಂಡ.